ಹಳೇ ಗಾಲ್ಫ್ ಕ್ಲಬ್‌ಗಳಾದ ಪರ್ಸಿಮನ್ ಡ್ರೈವರ್, ಬ್ಲೇಡ್ ಐರನ್, ಹಿಕರಿ ಮ್ಯಾಶಿ: ಆಡುವ ಸ್ಥಿತಿಗೆ ತರೋದು ಹೇಗೆ?

ಮಲ್ಲೇಶ್ವರಂ_ಮ್ಯಾಶಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಗಾಲ್ಫ್ ಸೆಟ್ ಕೈಗೆ ಬಂದಿದೆ. ಗೋಡೆಗೆ ನೇತುಹಾಕೋಕಲ್ಲ, ಆಡೋಕೆ ಬೇಕು.

ಮ್ಯಾಕ್‌ಗ್ರೆಗರ್ ಕಂಪನಿಯ ಮರದ ತಲೆಯ ಡ್ರೈವರ್ ಮತ್ತು 3 ವುಡ್ (ಎರಡೂ ದೂರ ಹೊಡೆಯುವ ಕ್ಲಬ್) ಇದೆ. ಡ್ರೈವರ್ ಕುತ್ತಿಗೆಗೆ ಸುತ್ತಿದ್ದ ಕಪ್ಪು ದಾರ ಅರ್ಧ ಬಿಚ್ಚಿಹೋಗಿದೆ, ಅಲ್ಲಾಡಿಸಿದರೆ ಒಳಗೆಲ್ಲೋ ಗಲಗಲ ಅನ್ನುತ್ತೆ. 3ರಿಂದ 9ನೇ ನಂಬರಿನವರೆಗೆ ಬ್ಲೇಡ್ ಐರನ್ (ತೆಳು ಲೋಹದ ತಲೆಯವು), ಜೊತೆಗೊಂದು ವೆಜ್ (ಚೆಂಡನ್ನು ಎತ್ತರಕ್ಕೆ ಹಾರಿಸುವ ಐರನ್). ತಲೆಗಳ ಕ್ರೋಮ್ ಚೆನ್ನಾಗಿದೆ, ಶಾಫ್ಟ್ (ಕ್ಲಬ್ಬಿನ ಕೋಲು) ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ, ಗ್ರಿಪ್ ಕಲ್ಲಿನಂತಾಗಿದೆ. ಹಿಕರಿ ಮರದ ಶಾಫ್ಟಿನವು ಎರಡು: ಚೆಂಡನ್ನು ಕುಳಿಗೆ ಉರುಳಿಸುವ ಹಿತ್ತಾಳೆ ಪಟರ್ ಒಂದು, ಹಿಂಬದಿಯಲ್ಲಿ ಹೊಗೆಸೊಪ್ಪಿನ ಪೈಪಿನ ಗುರುತಿರುವ ಮ್ಯಾಶಿ (ಹಳೇ ಕಾಲದ ಐರನ್) ಒಂದು. ಮ್ಯಾಶಿಯ ತಲೆ ಚೂರು ಅಲ್ಲಾಡುತ್ತೆ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿದರೆ ಬಿಗಿಯಾಗುತ್ತೆ ಅಂತಾರೆ, ನಿಜವಾ? ಮಳೆಗಾಲಕ್ಕೆ ಮುಂಚೆ ಏನೇನು ಮಾಡಬೇಕು, ಯಾವುದನ್ನು ಮುಟ್ಟಲೇಬಾರದು, ದಯವಿಟ್ಟು ತಿಳಿಸಿ.

ಬಡಗಿಬೆಂಚು:

ಡ್ರೈವರ್ ಬಗ್ಗೆ ನಾನು ಹೇಳ್ತೀನಿ ಸರ್, ಉಳಿದದ್ದನ್ನು ಬೇರೆಯವರು ಹೇಳಲಿ.

ಮೊದಲು ಅದು ಪರ್ಸಿಮನ್ ಮರ ಹೌದೋ ಅಲ್ಲವೋ ನೋಡಿ. ತಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ. ಪ್ಲೈವುಡ್ ಅಂಚಿನ ಹಾಗೆ ಒಂದೇ ಅಂತರದ ಪದರಗಳು ಕಂಡರೆ ಮೇಪಲ್ ಲ್ಯಾಮಿನೇಟ್. ಒಂದೇ ತುಂಡಿನಲ್ಲಿ ಎಳೆ ತಡೆಯಿಲ್ಲದೆ ಹರಿದಿದ್ದರೆ ಪರ್ಸಿಮನ್. ಲ್ಯಾಮಿನೇಟ್ ಆದರೆ ಬೇಜಾರು ಬೇಡ, ತೇವವನ್ನು ಅದೇ ಚೆನ್ನಾಗಿ ತಡೆಯುತ್ತೆ. ಪರ್ಸಿಮನ್ ಅಮೆರಿಕದ ಮರ. ನಮ್ಮ ಬೀಡಿ ಎಲೆಯ ಮರವೂ ಎಬೊನಿಯೂ ಅದೇ ಕುಲದವು. ಅಷ್ಟು ಗಟ್ಟಿ ಮರವಾದರೂ ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಇನ್ಸರ್ಟ್ (ಮುಖದಲ್ಲಿ ಕೂರಿಸಿದ ತುಂಡು) ಸುತ್ತ ಗೆರೆ ಬಿಡೋದು, ಸೋಲ್ ಪ್ಲೇಟ್ (ತಲೆಯ ಅಡಿಯ ಲೋಹದ ತಗಡು) ಸಡಿಲಾಗೋದು, ಕುತ್ತಿಗೆ ಸೀಳೋದು, ಮೂರಕ್ಕೂ ಇದೇ ಕಾರಣ. ಸಾಸಿವೆ ಗಾತ್ರದ ತೂತು, ಅದರಿಂದ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇದೆ. ಅಂಥ ತಲೆಯನ್ನು ಮಿಕ್ಕ ಕ್ಲಬ್‌ಗಳ ಜೊತೆ ಇಡಬೇಡಿ.

ಇನ್ನು ಗಲಗಲ. ಕ್ಲಬ್ಬನ್ನು ತಲೆ ಮೇಲಾಗಿ ಹಿಡಿದು ನಿಧಾನಕ್ಕೆ ಓರೆ ಮಾಡಿ. ಶಬ್ದ ಶಾಫ್ಟಿನುದ್ದಕ್ಕೂ ಜಾರಿ ಗ್ರಿಪ್ ಕಡೆ ಬಂದರೆ ಅದು ತುಕ್ಕಿನ ಚೂರು ಅಥವಾ ಒಣಗಿದ ಅಂಟಿನ ತುಣುಕು. ಗ್ರಿಪ್ ತೆಗೆದಾಗ ಹಿಂದಿನಿಂದ ಕೊಡವಿದರೆ ಬಿದ್ದುಹೋಗುತ್ತೆ. ಶಬ್ದ ತಲೆಯಲ್ಲೇ ನಿಂತರೆ ಸೋಲ್ ಪ್ಲೇಟ್ ಕೆಳಗಿನ ಸೀಸ ಕಿತ್ತಿದೆ ಅಂತ ಅರ್ಥ. ಆಗ ಪ್ಲೇಟ್ ಬಿಚ್ಚಲೇಬೇಕು, ಸೀಸ ಒಳಗೆ ಓಡಾಡುತ್ತಾ ಮರವನ್ನು ತಿನ್ನುತ್ತೆ. ತೆಗೆದ ಸೀಸವನ್ನು ಆಭರಣ ತೂಗುವ ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ, ಅಷ್ಟೇ ತೂಕ ವಾಪಸ್ ಹೋಗಬೇಕು. ತಲೆಯಲ್ಲಿ 2 ಗ್ರಾಂ ವ್ಯತ್ಯಾಸ ಅಂದರೆ ಸ್ವಿಂಗ್‌ವೇಟ್ (ಬೀಸುವಾಗ ತಲೆ ಎಷ್ಟು ಭಾರ ಅನ್ನಿಸುತ್ತೆ ಅನ್ನುವ ಅಳತೆ) ಒಂದು ಅಂಕ ಅತ್ತಿತ್ತ. ಕೂರಿಸೋಕೆ 24 ಗಂಟೆಯ ಅರಾಲ್ಡೈಟ್ ಸಮಪಾಲು ಕಲಸಿ ಹಾಕಿ. ಐದು ನಿಮಿಷದ್ದು ಬೇಡ, ಏಟಿಗೆ ಬಿರುಕು ಬಿಡುತ್ತೆ. ಸೀಸವನ್ನು ಉಜ್ಜಬೇಡಿ, ಮುಟ್ಟಿದ ಮೇಲೆ ಕೈ ತೊಳೀರಿ.

ದಾರದ ವಿಷಯಕ್ಕೆ ಬರೋಣ. ಅದನ್ನು ಅಲಂಕಾರ ಅಂದುಕೊಂಡು ಹಾಗೇ ಆಡಿದರೆ ಕುತ್ತಿಗೆ ಹೋಗುತ್ತೆ. ಕುತ್ತಿಗೆಯಲ್ಲಿ ಶಾಫ್ಟ್ ಸುತ್ತಲಿನ ಮರ ತುಂಬ ತೆಳು. ಪ್ರತಿ ಏಟಿಗೂ ಅದು ಉದ್ದಕ್ಕೆ ಸೀಳೋಕೆ ನೋಡುತ್ತೆ, ದಾರ ಅದನ್ನು ಹಿಡಿದಿಡುತ್ತೆ. ಉಳಿದ ದಾರವನ್ನೂ ಬಿಚ್ಚಿ ಉಗುರಿನಿಂದ ಸವರಿ ನೋಡಿ. ಕೂದಲೆಳೆಯ ಸೀಳಿದ್ದರೆ ತೆಳು ಸೂಪರ್‌ಗ್ಲೂ ಹನಿಸಿ, ಅದು ತಾನೇ ಒಳಗೆ ಎಳೆದುಕೊಳ್ಳುತ್ತೆ. ಒಂದು ದಿನ ಬಿಡಿ.

ಹೊಸ ದಾರಕ್ಕೆ ಚಪ್ಪಲಿ ಹೊಲಿಯುವ ಮೇಣದ ನೈಲಾನ್ ದಾರ ಸಾಕು. ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪ, ಒಂದು ಕ್ಲಬ್‌ಗೆ 5 ಮೀಟರ್. ದಾರದ ಒಂದು ತುದಿಯನ್ನು ಕುತ್ತಿಗೆಯುದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಸುತ್ತು ಶುರು ಮಾಡಿ. ಶಾಫ್ಟ್ ಕಡೆಯ ಸಣ್ಣ ಭಾಗದಿಂದ ತಲೆಯ ಕಡೆಗೆ ಹೋಗಬೇಕು. ಇಳಿಜಾರಿನಲ್ಲಿ ದಾರ ಸಣ್ಣ ಕಡೆಗೇ ಜಾರುತ್ತೆ. ಅಲ್ಲಿಂದ ಶುರು ಮಾಡಿದರೆ ಪ್ರತಿ ಸುತ್ತಿಗೂ ಹಿಂದಿನ ಸುತ್ತು ಒರಗು ಕೊಡುತ್ತೆ. ಉಂಡೆಯನ್ನು ಕಾಲಡಿ ಒತ್ತಿಟ್ಟು, ಕ್ಲಬ್ಬನ್ನೇ ಎರಡೂ ಕೈಯಲ್ಲಿ ತಿರುಗಿಸಿ, ಬಿಗಿ ಒಂದೇ ಸಮ ಬರುತ್ತೆ. ಇನ್ನು ಹತ್ತು ಸುತ್ತು ಬಾಕಿ ಇದೆ ಅನ್ನುವಾಗ ಬೇರೆ ದಾರದ ತುಂಡೊಂದನ್ನು ಮಡಚಿ, ಕುಣಿಕೆ ತಲೆಯ ಕಡೆ ಬರುವ ಹಾಗೆ ಇಟ್ಟು, ಅದರ ಮೇಲೆ ಆ ಹತ್ತು ಸುತ್ತು ಹಾಕಿ. ಕೊನೆಯ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಮಡಚಿದ ತುಂಡನ್ನು ಶಾಫ್ಟ್ ಕಡೆಯಿಂದ ಎಳೆದರೆ ತುದಿ ಸುತ್ತುಗಳ ಅಡಿಗೆ ನುಗ್ಗಿ ಹೊರಬರುತ್ತೆ. ಬ್ಲೇಡಿನಿಂದ ಸಮ ಕತ್ತರಿಸಿ. ಗಂಟು ಎಲ್ಲೂ ಬರಬಾರದು.

ಮೇಲ್ಮೈ ಪಾಲಿಶ್ ಬಿರಿದಿದ್ದರೆ ಪಿಯು ಕ್ಲಿಯರ್ (ಪಾಲಿಯುರೆಥೇನ್ ವಾರ್ನಿಶ್) ತೆಳುವಾಗಿ ಎರಡು ಮೂರು ಕೋಟ್. ಬಾಗಿಲಿಗೆ ಹಚ್ಚುವ ಫ್ರೆಂಚ್ ಪಾಲಿಶ್ ಬೇಡ, ಅದು ಅರಗಿನದು, ಒದ್ದೆ ಹುಲ್ಲು ತಾಗಿದರೆ ಬೆಳ್ಳಗಾಗುತ್ತೆ.

ಜಯನಗರ_ಒಂಬತ್ತು:

ಐರನ್ ಬಗ್ಗೆ. ತುಕ್ಕಿನ ಚುಕ್ಕೆ ಎಲ್ಲಿದೆ ಅನ್ನೋದೇ ಮುಖ್ಯ. ನಡುವೆ ಇದ್ದರೆ ನಾಲ್ಕು ಸೊನ್ನೆಯ (0000, ಅತಿ ನಯವಾದ) ಸ್ಟೀಲ್ ವುಲ್ಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಉಜ್ಜಿ, ಹೋಗುತ್ತೆ. ತಲೆಯಿಂದ ಮೇಲೆ ಮೂರು ನಾಲ್ಕು ಬೆರಳಿನೊಳಗೆ ಗುಳಿ ಬಿದ್ದಿದ್ದರೆ ಆ ಶಾಫ್ಟಿನಲ್ಲಿ ಆಡಲೇಬೇಡಿ. ಅಲ್ಲೇ ಮುರಿಯೋದು, ತಲೆ ಹಾರಿ ಯಾರಿಗಾದರೂ ಬಡಿಯಬಹುದು. ಬಾಗಿದೆಯಾ ಅಂತ ನೋಡೋಕೆ ಅಡುಗೆಮನೆ ಗ್ರಾನೈಟ್ ಕಟ್ಟೆ ಸಾಕು. ತಲೆ ಅಂಚಿನಾಚೆ ಇರಲಿ, ಶಾಫ್ಟನ್ನು ಉರುಳಿಸುತ್ತಾ ಅಡಿಯಲ್ಲಿ ಬೆಳಕು ಕುಣಿಯುತ್ತಾ ನೋಡಿ.

ಕ್ರೋಮ್ ತಲೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಡಬೇಡಿ. ಕ್ರೋಮ್ ಬಿಟ್ಟ ಕಡೆ ಹುಳಿ ಅಡಿಗೆ ನುಗ್ಗಿ ಸಿಪ್ಪೆ ಏಳಿಸುತ್ತೆ. ಬಿಸಿನೀರು, ಸೋಪು, ನೈಲಾನ್ ಬ್ರಷ್ ಸಾಕು.

ಶಾಫ್ಟ್ ಬದಲಿಸಬೇಕಾಗಿ ಬಂದರೆ ಮೊದಲು ಹೊಸಲ್ (ಶಾಫ್ಟ್ ಕೂರುವ ತಲೆಯ ಕೊಳವೆ) ಪಕ್ಕ ಸಣ್ಣ ಚುಕ್ಕೆ ಇದೆಯಾ ಹುಡುಕಿ. ಅದು ಅಡ್ಡ ಹೊಡೆದ ಪಿನ್. ಕ್ರೋಮ್ ಅಡಿಯಲ್ಲಿ ಕಣ್ಣಿಗೆ ಬೀಳೋದೇ ಕಷ್ಟ, ಓರೆ ಬೆಳಕಲ್ಲಿ ನೋಡಬೇಕು. ಪಿನ್ ಇರುವಾಗಲೇ ಬಿಸಿ ಮಾಡಿ ಎಳೆದರೆ ಶಾಫ್ಟ್ ಹರಿದು ತುಂಡು ಒಳಗೇ ಉಳಿಯುತ್ತೆ. ಮೊದಲು ಪಂಚಿನಿಂದ ಪಿನ್ ಹೊರಗೆ, ಆಮೇಲೆ ಹೀಟ್ ಗನ್.

ಗ್ರಿಪ್ ಸುಲಭ. ಬ್ಲೇಡನ್ನು ನಿಮ್ಮಿಂದ ಆಚೆಗೆ ಎಳೆದು ಸೀಳಿ, ಹಳೇ ಟೇಪ್ ಪೂರ್ತಿ ಕೆರೆದು ತೆಗೀರಿ. ಹಳೇ ಸ್ಟೀಲ್ ಶಾಫ್ಟಿನ ಹಿಂತುದಿ ಹೆಚ್ಚಾಗಿ 0.600 ಇಂಚು, ಕ್ಯಾಲಿಪರ್ ಹಾಕಿ ಖಚಿತಪಡಿಸಿಕೊಂಡು 60 ಅಳತೆಯ ಗ್ರಿಪ್ ತನ್ನಿ. ಎರಡೂ ಕಡೆ ಅಂಟುವ ಟೇಪ್ ಸುತ್ತಿ, ಗ್ರಿಪ್ ಒಳಗೂ ಟೇಪ್ ಮೇಲೂ ಟರ್ಪೆಂಟೈನ್ ಧಾರಾಳವಾಗಿ ಸುರಿದು ಒಂದೇ ಉಸಿರಿಗೆ ತಳ್ಳಿ. ನಡುವೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಇಡೀ ದಿನ ಒಣಗಲಿ. ಕಿಟಕಿ ತೆಗೆದಿಟ್ಟು ಮಾಡಿ, ಹತ್ತಿರ ದೀಪ ಬೇಡ.

ಸೌತ್‌ಎಂಡ್_ಹಿಕರಿ:

ನೀರಲ್ಲಿ ನೆನೆಹಾಕಬೇಡಿ ಸರ್, ಖಂಡಿತಾ ಬೇಡ. ಹೇಳಿದವರು ಸುಳ್ಳು ಹೇಳಿಲ್ಲ, ಮಾರನೇ ದಿನ ಬಿಗಿಯಾಗೇ ಇರುತ್ತೆ. ಆದರೆ ಉಬ್ಬಿದ ಮರಕ್ಕೆ ಹೊಸಲ್ ಕಬ್ಬಿಣ ಜಾಗ ಕೊಡಲ್ಲ, ಎಳೆಗಳು ಅಲ್ಲೇ ಜಜ್ಜಿಹೋಗುತ್ತವೆ. ವಾರದಲ್ಲಿ ಒಣಗಿದಾಗ ಮೊದಲಿಗಿಂತ ಸಣ್ಣಗಾಗಿ, ತಲೆ ಇನ್ನೂ ಹೆಚ್ಚು ಅಲ್ಲಾಡುತ್ತೆ. ಒಳಗೆ ತುಕ್ಕು ಬೇರೆ.

ಅದಕ್ಕೂ ಮುಂಚೆ ಶಾಫ್ಟಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಸ್ಟೀಲ್ ಶಾಫ್ಟಿಗೆ ಗಾಲ್ಫ್ ನಿಯಮ ಮಾಡುವ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆರ್ ಆಂಡ್ ಎ ಒಪ್ಪಿಗೆ ಕೊಟ್ಟಿದ್ದು 1929ರಲ್ಲಿ. ಆ ಕಾಲದಲ್ಲಿ ಸ್ಟೀಲಿನ ಮೇಲೆ ಮರದ ಬಣ್ಣದ ಹೊದಿಕೆ ಹಾಕಿ ಮಾರುತ್ತಿದ್ದರು, ದೂರದಿಂದ ಹಿಕರಿಯಂತೆಯೇ ಕಾಣುತ್ತೆ. ಅಂಟಿದರೆ ಸ್ಟೀಲ್.

ಹಿಕರಿಯೇ ಆಗಿದ್ದರೆ ಹತ್ತಿಯ ಉಂಡೆಯನ್ನು ಶಾಫ್ಟಿನುದ್ದಕ್ಕೂ ಹಗುರಾಗಿ ಸವರಿ. ಕಣ್ಣಿಗೆ ಕಾಣದ ಸೀಳಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತೆ. ಹೊಸಲ್ ಬಾಯಿಯ ಹತ್ತಿರ ಸಿಕ್ಕಿಕೊಂಡರೆ ಅದು ಗೋಡೆಗೇ ಸರಿ. ಸೀಳಿಲ್ಲದಿದ್ದರೆ ತಲೆ ಬಿಚ್ಚಿ ಕೂರಿಸಬಹುದು. ಹೊಸಲ್‌ಗೆ ಅಡ್ಡ ಹೊಡೆದ ಮೊಳೆಯನ್ನು ಪಂಚಿನಿಂದ ತೆಗೆದು, ಹೀಟ್ ಗನ್ನಿನಿಂದ ಕಬ್ಬಿಣವನ್ನಷ್ಟೇ ಬೆಚ್ಚಗೆ ಮಾಡಿ ಎಳೆದರೆ ಹಳೇ ಅಂಟು ಬಿಡುತ್ತೆ. ಒಳಗಿನ ತುಕ್ಕು ಕೆರೆದು, ಮರದ ತುದಿಗೆ ತೆಳು ಹತ್ತಿ ಬಟ್ಟೆಯ ಒಂದು ಸುತ್ತನ್ನು ಅರಾಲ್ಡೈಟ್‌ನಲ್ಲಿ ಅದ್ದಿ ಹಾಕಿ ಕೂರಿಸಿ. ಹಳೇ ತೂತುಗಳು ಎದುರುಬದುರಾಗಿ ಕೂಡಬೇಕು, ಇಲ್ಲದಿದ್ದರೆ ಮುಖ ತಿರುಗಿ ಕೂರುತ್ತೆ. ಮೆದು ಕಬ್ಬಿಣದ ಮೊಳೆ ಹೊಡೆದು ಎರಡೂ ಕಡೆ ಅರದಿಂದ ಸಮ ಮಾಡಿ.

ಶಾಫ್ಟಿಗೆ ಅಂಗಡಿಯ ಬಾಯಿಲ್ಡ್ ಲಿನ್ಸೀಡ್ (ಅಗಸೆ) ಎಣ್ಣೆ, ಬಟ್ಟೆಯಲ್ಲಿ ತೆಳುವಾಗಿ. ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನು ಒರೆಸಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಈ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳುತ್ತೆ. ಹೊರಗೆ ಹಗ್ಗದ ಮೇಲೆ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ಪೈಪಿನ ಗುರುತು ಸೇಂಟ್ ಆಂಡ್ರೂಸ್‌ನ ಕ್ಲಬ್ ತಯಾರಕ ಟಾಮ್ ಸ್ಟುವರ್ಟ್ ಅವರದು. ಅಮೆರಿಕದ ಹಳೇ ಚಾಂಪಿಯನ್ ಬಾಬಿ ಜೋನ್ಸ್ ಆಡಿದ ಐರನ್‌ಗಳಲ್ಲಿ ಹೆಚ್ಚಿನವು ಸ್ಟುವರ್ಟ್ ಕುಲುಮೆಯವು. ದಯವಿಟ್ಟು ಅದನ್ನು ಬಫ್ ಮಾಡಿಸಬೇಡಿ. ಬಫಿಂಗ್ ಚಕ್ರ ಒಂದು ಸಲ ತಾಗಿದರೆ ಮುದ್ರೆ ಮಸುಕಾಗುತ್ತೆ, ಮತ್ತೆ ಬರಲ್ಲ. ಸೀಮೆಎಣ್ಣೆ, ಹಳೇ ಟೂತ್‌ಬ್ರಷ್, ಕೊನೆಗೆ ಒಂದು ಪದರ ಎಣ್ಣೆ, ಅಷ್ಟೇ. ಹಿತ್ತಾಳೆ ಪಟರ್‌ಗೆ ಹುಣಸೆಹಣ್ಣು ಹಾಕುವ ಆಸೆ ಬರುತ್ತೆ. ದೇವರ ಮನೆಯ ದೀಪಕ್ಕೆ ಸರಿ, ಇದಕ್ಕೆ ಬೇಡ. ಆ ಕಂದು ಬಣ್ಣ ಕೂಡಿಬರೋಕೆ ದಶಕಗಳೇ ಬೇಕಾಗಿವೆ.

ಜಯನಗರ_ಒಂಬತ್ತು:

ಆಟದ ಬಗ್ಗೆ ಎರಡು ಮಾತು ಬಿಟ್ಟುಹೋಯ್ತು. ಈ ಕ್ಲಬ್‌ಗಳಿಂದ ಅಭ್ಯಾಸದ ರೇಂಜಿನ ಮ್ಯಾಟ್ ಮೇಲೆ ಹೊಡೀಬೇಡಿ. ಅಡಿಯಲ್ಲಿ ಸಿಮೆಂಟು, ಏಟು ನೇರ ಹೊಸಲ್‌ಗೆ ವಾಪಸ್ ಬರುತ್ತೆ. ರೇಂಜಿನ ಚೆಂಡೂ ಕಲ್ಲಿನಂತೆ, ಪರ್ಸಿಮನ್ ಮುಖ ಸೀಳುತ್ತೆ. ಕಡಿಮೆ ಕಂಪ್ರೆಷನ್ನಿನ ಮೆದು ಚೆಂಡು ತಗೊಳ್ಳಿ.

ಐರನ್ ಮೇಲಿನ ಅಂಕೆ ನಂಬಬೇಡಿ. ಆ ಕಾಲದ ಸೆಟ್‌ಗಳಲ್ಲಿ 5 ಐರನ್ ಮುಖದ ಓರೆ ಸುಮಾರು 32 ಡಿಗ್ರಿ, 7 ಐರನ್ 40ರ ಆಸುಪಾಸು. ಈಗಿನ ಎಷ್ಟೋ 7 ಐರನ್‌ಗಳು 30ಕ್ಕೇ ಇವೆ. ಈಗ 7 ತೆಗೆಯುವ ಕಡೆ ಹಳೇ 5 ತೆಗೀರಿ, ತಾಕತ್ತು ಕಮ್ಮಿಯಾಯ್ತು ಅಂತ ಜೋರು ಹಾಕಬೇಡಿ. ಡ್ರೈವರ್ ಮುಖ ಗಿಡ್ಡ, ಟೀ (ಚೆಂಡು ಇಡುವ ಕಡ್ಡಿ) ತಗ್ಗಿಸಿ, ಚೆಂಡಿನ ಅರ್ಧ ಮಾತ್ರ ತಲೆಯಿಂದ ಮೇಲೆ ಕಾಣಲಿ. ಈಗಿನ 460 ಸಿಸಿ ತಲೆಯ ಅರ್ಧದಷ್ಟೂ ಇಲ್ಲ ಅದು, ನಡುವಿಗೆ ಬಿದ್ದರೆ ಮಾತ್ರ ದೂರ. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ 1993ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದು ಪರ್ಸಿಮನ್ ಡ್ರೈವರಿನಲ್ಲೇ.

1876ರಷ್ಟು ಹಿಂದೆ ಶುರುವಾದ ಹೈ ಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಕೋರ್ಸ್ ಈ ಸೆಟ್‌ಗೆ ಹೇಳಿ ಮಾಡಿಸಿದ ಹಾಗಿದೆ, ಉದ್ದಕ್ಕಿಂತ ದಿಕ್ಕು ಮುಖ್ಯ ಅಲ್ಲಿ. ಚಲ್ಲಘಟ್ಟದ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸಿನಲ್ಲಿ ಉದ್ದ ಬೇಕು, ಕುಳಿಗೆ ಹತ್ತಿರವಿರುವ ಮುಂಭಾಗದ ಟೀ ಜಾಗದಿಂದ ಆಡಿ. ಮಳೆ ಬಂದ ಮಾರನೇ ದಿನ ಬ್ಲೇಡಿನ ತೆಳು ಸೋಲ್ ಮಣ್ಣಿಗೆ ಕಚ್ಚುತ್ತೆ, ಚೆಂಡನ್ನು ಮೊದಲು ಮುಟ್ಟಲೇಬೇಕು.

ಮಲ್ಲೇಶ್ವರಂ_ಮ್ಯಾಶಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಯಸ್ಕಾಂತ ಅಂಟಲಿಲ್ಲ, ಹಿಕರಿಯೇ. ಡ್ರೈವರ್ ಶಬ್ದ ತಲೆಯಲ್ಲೇ ಇದೆ. ಸೋಲ್ ಪ್ಲೇಟಿನ ಒಂದು ಸ್ಕ್ರೂ ತಿರುಗ್ತಾನೇ ಇಲ್ಲ, ಅದರ ತಲೆಯ ಗಾಡಿ (ಸ್ಕ್ರೂಡ್ರೈವರ್ ಕೂರುವ ಸೀಳು) ಸವೆಯುತ್ತಿದೆ.

ಬಡಗಿಬೆಂಚು:

ನಿಲ್ಲಿಸಿ, ಬಲ ಹಾಕಬೇಡಿ. ಗಾಡಿಯಲ್ಲಿ ತುಂಬಿರುವ ಬಣ್ಣವನ್ನು ದಬ್ಬಣದಿಂದ ಕೆರೆದು ತೆಗೀರಿ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಯ ಮೇಲೆ ಒಂದು ನಿಮಿಷ ಒತ್ತಿಡಿ, ಒಳಗಿನ ಅಂಟು ಮೆದುವಾಗುತ್ತೆ. ಗಾಡಿಯ ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು, ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತೆ. ಮೊದಲು ಕೂದಲೆಳೆಯಷ್ಟು ಬಿಗಿಯೋ ಕಡೆಗೆ ತಿರುಗಿಸಿ, ಟಿಕ್ ಅಂತ ಬಿಟ್ಟ ಮೇಲೆ ಬಿಚ್ಚಿ. ವಾಪಸ್ ಹಾಕುವಾಗ ತೂತು ಸಡಿಲಿದ್ದರೆ ಒಂದು ಟೂತ್‌ಪಿಕ್ಕನ್ನು ಅರಾಲ್ಡೈಟ್‌ನಲ್ಲಿ ಅದ್ದಿ ತೂತಿಗಿಟ್ಟು ಮುರಿದು, ಸ್ಕ್ರೂ ಬಿಗೀರಿ. ಯಾವ ಸ್ಕ್ರೂ ಯಾವ ತೂತಿನದು ಅಂತ ರಟ್ಟಿನ ಮೇಲೆ ಚುಚ್ಚಿಟ್ಟುಕೊಳ್ಳಿ. ಅವುಗಳ ತಲೆಯನ್ನು ಪ್ಲೇಟಿನ ಜೊತೆಗೇ ಸಮ ಉಜ್ಜಿರುತ್ತಾರೆ, ಅದಲುಬದಲಾದರೆ ಒಂದು ಎದ್ದು ನಿಲ್ಲುತ್ತೆ.