ಪದಚರ್ಚೆ: ‘ಟೆಟ್ರಾಮರ್ ರಿಯೇಜೆಂಟ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನದ ಫಲಕವೊಂದು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿರುವ ಎನ್‌ಐಎಚ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಟೆಟ್ರಾಮರ್ ಕೇಂದ್ರದ ಬಗ್ಗೆ. ಎಸ್‌ಐವಿ (ಎಚ್‌ಐವಿಯನ್ನು ಹೋಲುವ ಕೋತಿಗಳ ವೈರಸ್) ಲಸಿಕೆ ಪಡೆದ ರೀಸಸ್ ಕೋತಿಗಳ ರಕ್ತದಲ್ಲಿ ಟಿ ಕೋಶ (ರೋಗನಿರೋಧದ ಒಂದು ಬಗೆಯ ಬಿಳಿ ರಕ್ತಕೋಶ) ಎಣಿಸಲು ಬಳಸುವ ಪ್ರೋಟೀನೇ ಈ ಟೆಟ್ರಾಮರ್. ‘ಪ್ರತಿರಕ್ಷಾ ಕಾರಕ ಚತುಷ್ಟಯ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ? ‘ರೀಫೋಲ್ಡಿಂಗ್’ಗೂ (ಬಿಡಿಸಿದ ಪ್ರೋಟೀನ್ ಸರಪಳಿ ಮತ್ತೆ ತನ್ನ ಆಕಾರಕ್ಕೆ ಬರುವುದು) ಒಂದು ಪದ ಬೇಕು.

ಉತ್ತರ 1:
ಚತುಷ್ಟಯ ಬೇಡವೇ ಬೇಡ. ನಾಲ್ವರು, ನಾಲ್ಮೊಗ ಇದ್ದ ಹಾಗೆ ‘ನಾಲ್ಮಡಿ’ ಇದೆ. ಕನ್ನಡದ ಎಣಿಕೆ ಕನ್ನಡಕ್ಕೆ ಸಾಕು.

ಉತ್ತರ 2:
ನಾಲ್ಮಡಿ ತಪ್ಪು. ಅದು ‘ನಾಲ್ಕು ಪಟ್ಟು’. ಇಲ್ಲಿ ಯಾವುದೂ ನಾಲ್ಕು ಪಟ್ಟಾಗಿಲ್ಲ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ನಡುಗಂಬಕ್ಕೆ ನಾಲ್ಕು ಬಿಡಿ ಅಣುಗಳು ಕಚ್ಚಿಕೊಂಡಿವೆ.

ಅದಕ್ಕಿಂತ ದೊಡ್ಡ ತೊಂದರೆ ‘ಕಾರಕ’. ರೋಗಕಾರಕ ಎಂದರೆ ರೋಗ ತರುವಂಥದ್ದು. ಹಾಗೆಯೇ ‘ಪ್ರತಿರಕ್ಷಾ ಕಾರಕ’ವನ್ನು ಓದಿದವರು ಇದೇ ಲಸಿಕೆ ಎಂದುಕೊಳ್ಳುತ್ತಾರೆ. ಟೆಟ್ರಾಮರ್ ರೋಗನಿರೋಧ ತರುವುದಿಲ್ಲ. ಕೊಳವೆಯಲ್ಲಿರುವ ರಕ್ತಕೋಶಗಳಲ್ಲಿ ತನಗೆ ಹೊಂದುವ ಟಿ ಕೋಶಕ್ಕೆ ಅಂಟಿ ಹೊಳೆಯುತ್ತದೆ, ಅಷ್ಟೇ.

ತಯಾರಿಕೆ ನೋಡಿದರೆ ‘ರೀಫೋಲ್ಡಿಂಗ್’ಗೆ ಪದವೂ ಸಿಗುತ್ತದೆ. ಬಿಡಿ ಅಣು ಎಂದರೆ ಮಾಮು-ಎ*01, ವೈರಸ್ಸಿನ ತುಣುಕನ್ನು ಹಿಡಿದು ಟಿ ಕೋಶಕ್ಕೆ ತೋರಿಸುವ ಕೋತಿಯ ಪ್ರೋಟೀನ್. ಅದರ ದೊಡ್ಡ ಸರಪಳಿ ಮತ್ತು ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಚಿಕ್ಕ ಸರಪಳಿ ಎರಡನ್ನೂ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೇರೆಬೇರೆ ಬೆಳೆಸುತ್ತಾರೆ. ಎರಡೂ ಕರಗದ ಗರಣೆಯಾಗಿ ಸಿಗುತ್ತವೆ. ಅವನ್ನು 8 ಮೋಲಾರ್ ಯೂರಿಯಾದಲ್ಲಿ ಬಿಡಿಸಿ, 0.4 ಮೋಲಾರ್ ಆರ್ಜಿನೈನ್ ಮತ್ತು ಗ್ಲುಟಾಥಯೋನ್ ಇರುವ ತಣ್ಣನೆಯ ದ್ರಾವಣಕ್ಕೆ ಎಸ್‌ಐವಿಯ ಸಿಎಂ9 ಪೆಪ್ಟೈಡಿನ (ಪ್ರೋಟೀನಿನ ಚಿಕ್ಕ ತುಣುಕು) ಜೊತೆ ಸ್ವಲ್ಪಸ್ವಲ್ಪವೇ ಬಿಡಬೇಕು. 10 ಡಿಗ್ರಿಯಲ್ಲಿ ಎರಡು ಮೂರು ದಿನ. ಒಮ್ಮೆಲೇ ಸುರಿದರೆ ಸರಪಳಿಗಳು ಒಂದಕ್ಕೊಂದು ಅಂಟಿ ಮತ್ತೆ ಗರಣೆ. ಪೆಪ್ಟೈಡ್ ಇಲ್ಲದಿದ್ದರೆ ಆಕಾರ ನಿಲ್ಲುವುದೇ ಇಲ್ಲ. ಸರಪಳಿಯನ್ನು ಯಾರೂ ಮಡಿಸುವುದಿಲ್ಲ, ಅದೇ ಮಡಿಚಿಕೊಳ್ಳುತ್ತದೆ. ಹಾಗಾಗಿ ಫಲಕದಲ್ಲಿ ‘ಮಡಿಸುತ್ತಾರೆ’ ಎಂದು ಬರೆಯಬೇಡಿ. ನಾಮಪದ ಬೇಕಿದ್ದರೆ ‘ಮರುಮಡಿಕೆ’.

ಆಮೇಲೆ ಬಿರ್‌ಎ ಕಿಣ್ವ ದೊಡ್ಡ ಸರಪಳಿಯ ತುದಿಗೆ ಒಂದು ಬಯೋಟಿನ್ (ಸ್ಟ್ರೆಪ್ಟಾವಿಡಿನ್ ಬಿಗಿಯಾಗಿ ಹಿಡಿಯುವ ಜೀವಸತ್ವ) ಅಂಟಿಸುತ್ತದೆ. ಉಳಿದ ಬಯೋಟಿನ್ನನ್ನು ಪೂರ್ತಿ ತೆಗೆಯದಿದ್ದರೆ ಅದೇ ಸ್ಟ್ರೆಪ್ಟಾವಿಡಿನ್ನಿನ ಜಾಗಗಳನ್ನು ಹಿಡಿದುಬಿಡುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಸ್ಟ್ರೆಪ್ಟಾವಿಡಿನ್ನನ್ನು ಸುಮಾರು ಹತ್ತು ಕಂತಿನಲ್ಲಿ, ಹತ್ತು ಹತ್ತು ನಿಮಿಷ ಬಿಟ್ಟು ಹಾಕಬೇಕು. ಆಗ ಮೊದಮೊದಲ ಕಂತುಗಳಿಗೆ ಬಿಡಿ ಅಣುಗಳು ಧಾರಾಳವಾಗಿ ಸಿಕ್ಕಿ ನಾಲ್ಕೂ ಜಾಗ ತುಂಬುತ್ತವೆ. ಒಟ್ಟಿಗೇ ಹಾಕಿದರೆ ಎರಡು ಮೂರು ಕಚ್ಚಿಕೊಂಡ ಅರೆಬರೆ ಕೂಟಗಳೇ ಹೆಚ್ಚು. ಇಡುವುದು 4 ಡಿಗ್ರಿಯಲ್ಲಿ, ಕತ್ತಲಲ್ಲಿ. ಹೆಪ್ಪುಗಟ್ಟಿಸಿದರೆ ಕೆಡುತ್ತದೆ.

ಉತ್ತರ 3:
ಗ್ರೀಕಿನ ‘ಟೆಟ್ರಾ’, ಸಂಸ್ಕೃತದ ‘ಚತುರ್’ ಒಂದೇ ಬೇರಿನವು. ಚತುಷ್ಟಯಕ್ಕೇಕೆ ಸಿಟ್ಟು?

ಉತ್ತರ 1:
ಬೇರು ಒಂದೇ ಆದರೆ ಎರಡೂ ಹೊರಗಿನವೇ. ನನ್ನ ವಾದಕ್ಕೇ ಬಲ ಬಂತು. ‘ನಾಲ್ಕಣುಕೂಟ’ ಎನ್ನಿ.

ಉತ್ತರ 4:
ಕೂಟ ಸಂಸ್ಕೃತ, ಅಣು ಸಂಸ್ಕೃತ ಎಂದು ಮುಂದಿನ ಪತ್ರ ಬರುವ ಮೊದಲೇ ಹೇಳುತ್ತೇನೆ: ಈ ‘ಕೂಟ’ ಕೂಡು ಧಾತುವಿನದು, ಅಚ್ಚಗನ್ನಡ; ಶಿಖರವೆಂಬ ಅರ್ಥದ ‘ಕೂಟ’ ಬೇರೆ. ಆದರೂ ‘ಟೆಟ್ರಾಮರ್’ ಉಳಿಸಿ. ಪ್ರೋಟೀನಿಗೆ ‘ಸಸಾರಜನಕ’ ಎಂದು ಪಠ್ಯಪುಸ್ತಕದಲ್ಲಿ ಬರೆದರು. ಮೇಲಿನ ಯೂರಿಯಾದಲ್ಲೂ ಸಾರಜನಕವಿದೆ, ಅದು ಪ್ರೋಟೀನೇ? ಪದ ಕಟ್ಟುವಾಗ ವಸ್ತು ಏನೆಂದು ನೋಡಬೇಕು.

ಬರೀ ‘ಕೋತಿ’ ಎಂದರೆ ನಮ್ಮವರ ಕಣ್ಣಿಗೆ ಬರುವುದು ಇಲ್ಲಿಯ ಬಾನೆಟ್ ಮಕಾಕ್. ‘ಉತ್ತರ ಭಾರತದ ರೀಸಸ್ ಕೋತಿ’ ಎಂದು ಒಮ್ಮೆ ಬಿಡಿಸಿ ಬರೆಯಿರಿ. ‘ಮಾಮು’ ಎಂಬುದು ‘ಮಕಾಕಾ ಮುಲಾಟಾ’ದ ಮೊದಲಕ್ಷರಗಳು, ಅದನ್ನು ಅನುವಾದಿಸಬೇಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ತಲೆಬರಹ ‘ಟಿ ಕೋಶ ಗುರುತಿಸುವ ಪ್ರೋಟೀನ್: ಟೆಟ್ರಾಮರ್’. ಕೆಳಗೆ ಒಮ್ಮೆ ‘ನಾಲ್ಕಣುಕೂಟ’, ಒಮ್ಮೆ ‘ಮರುಮಡಿಕೆ’. ಕಾರಕ ತೆಗೆದಿದ್ದೇನೆ.

ಉತ್ತರ 1:
ತಲೆಬರಹದಲ್ಲಿ ಕೋಶವೂ ಸಂಸ್ಕೃತವೇ.