ಒಂದು ಸೆಲ್ ಮಾತ್ರ ಹಿಂದೆ ಬಿದ್ದಿದೆ, ಈಕ್ವಲೈಸ್ (ಎಲ್ಲ ಸೆಲ್ ಸಮವಾಗಲು ಬೇಕೆಂದೇ ಹೆಚ್ಚು ವೋಲ್ಟ್‌ನಲ್ಲಿ ಚಾರ್ಜ್) ಮಾಡಬಹುದಾ?

ಪ್ರಶ್ನೆ:
12 ವೋಲ್ಟ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ನೀರು ಹಾಕುವಂಥದ್ದು. ಫುಲ್ ಚಾರ್ಜ್ ಆದಮೇಲೂ ಹೈಡ್ರೋಮೀಟರ್ (ಆಸಿಡ್ ಎಷ್ಟು ಸಾಂದ್ರ ಎಂದು ಅಳೆಯುವುದು) ಐದು ಸೆಲ್‌ಗಳಲ್ಲಿ 1.240, ಮೂರನೆಯದರಲ್ಲಿ 1.205 ತೋರಿಸುತ್ತಿದೆ. ಎಷ್ಟು ವೋಲ್ಟ್ ಇಡಬೇಕು, ಎಷ್ಟು ಹೊತ್ತು?

ಉತ್ತರ 1:
ವ್ಯತ್ಯಾಸ 0.030 ದಾಟಿದೆ, ಮಾಡಲೇಬೇಕು. ಲೋಡ್ ಪೂರ್ತಿ ತೆಗೆಯಿರಿ, ಕಿಟಕಿ ಬಾಗಿಲು ತೆರೆದಿಡಿ. ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಬೇಡವೇ ಬೇಡ. 25 ಡಿಗ್ರಿಯಲ್ಲಿ 15.5 ವೋಲ್ಟ್, ಕರೆಂಟ್ 5ರಿಂದ 7 ಆಂಪಿಯರ್. ಗಡಿಯಾರ ನೋಡಿ ನಿಲ್ಲಿಸಬೇಡಿ. ಗಂಟೆಗೊಮ್ಮೆ ಮೂರನೇ ಸೆಲ್ ಅಳೆಯಿರಿ. ಸತತ ಮೂರು ಸಲ ಅದೇ ಅಂಕಿ ಬಂದರೆ ಮುಗಿಯಿತು. ಆಸಿಡ್ 50 ಡಿಗ್ರಿ ಮುಟ್ಟಿದರೆ ಆರಲು ಬಿಡಿ. ಹೈಡ್ರೋಮೀಟರಿನ ತೇಲುಬುರುಡೆ ಗಾಜಿಗೆ ಅಂಟಿಕೊಂಡರೆ ಓದುವಿಕೆ ತಪ್ಪುತ್ತದೆ, ಬೆರಳಿನಿಂದ ತಟ್ಟಿ ನೋಡಿ.

ಉತ್ತರ 2:
ನೀರಿನ ವಿಷಯ ಬಿಟ್ಟುಹೋಯಿತು. ಮೊದಲೇ ತುಂಬಿಸಿದರೆ ಗುಳ್ಳೆಯೆದ್ದು ಆಸಿಡ್ ಉಕ್ಕುತ್ತದೆ. ಪ್ಲೇಟ್ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್, ಉಳಿದದ್ದು ಚಾರ್ಜ್ ಮುಗಿದ ಮೇಲೆ. ಕಡಿಮೆ ಇರುವ ಸೆಲ್‌ಗೆ ಆಸಿಡ್ ಸುರಿಯಬೇಡಿ! ಅಂಕಿ ಏರುತ್ತದೆ, ಪ್ಲೇಟಿಗೆ ಕಟ್ಟಿಕೊಂಡ ಸಲ್ಫೇಟ್ ಪದರ ಅಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು:
ಆರು ಗಂಟೆ ಆಯಿತು. ಉಳಿದವು 1.260, ಮೂರನೆಯದು 1.235, ಇನ್ನೂ ಏರುತ್ತಿದೆ.

ಉತ್ತರ 1:
ಏರುತ್ತಿರುವಷ್ಟು ಹೊತ್ತು ಮುಂದುವರಿಸಿ. ಬೇರೆಲ್ಲ ಸೆಲ್ ಕುದಿಯುವಾಗ ಅದೊಂದರಲ್ಲಿ ಗುಳ್ಳೆಯೇ ಇಲ್ಲದೆ ಬಿಸಿಯಾದರೆ ಒಳಗೆ ಶಾರ್ಟ್ ಎಂದರ್ಥ, ಈಕ್ವಲೈಸ್‌ನಿಂದ ಅದು ಸರಿಹೋಗದು.

ಉತ್ತರ 3:
ಇದನ್ನು ಓದಿ ಜೆಲ್ ಅಥವಾ ಲಿಥಿಯಂ ಬ್ಯಾಟರಿಗೆ ಯಾರೂ ಮಾಡಬೇಡಿ. ಜೆಲ್‌ನಂಥ ಸೀಲ್ ಮಾಡಿದ್ದರಲ್ಲಿ ಹೋದ ನೀರನ್ನು ಮತ್ತೆ ತುಂಬಲಾಗದು.