ಅಮೆರಿಕದ ಸಣ್ಣ ಊರುಗಳ ಪೋಸ್ಟ್ ಆಫೀಸಿನ ಗೋಡೆಚಿತ್ರ ನೋಡಬೇಕು, ಗೊತ್ತಿದ್ದವರು ಹೇಳಿ

ಕಲಬುರಗಿ ಡ್ರಾಯಿಂಗ್ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವಳು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದೆ, ಈಗ ರಿಟೈರ್ ಆಗಿದ್ದೇನೆ. ಮಗಳು, ಅಳಿಯ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದಾರೆ. ಮುಂದಿನ ತಿಂಗಳು ಅಲ್ಲಿಗೆ ಹೊರಟಿದ್ದೇನೆ. ಎಲ್ಲರೂ ನಯಾಗರಾ ನೋಡಿ, ನ್ಯೂಯಾರ್ಕ್ ನೋಡಿ ಅಂತಾರೆ. ನನಗೆ ಆಸೆ ಇರುವುದು ಅಲ್ಲಿನ ಹಳೇ ಪೋಸ್ಟ್ ಆಫೀಸುಗಳ ಮೇಲೆ.

1930ರ ದಶಕದಲ್ಲಿ ಅಲ್ಲಿ ದೊಡ್ಡ ಆರ್ಥಿಕ ಕುಸಿತ ಆಗಿತ್ತಲ್ಲ, ಆಗ ಸರ್ಕಾರವೇ ಚಿತ್ರಕಾರರಿಗೆ ಕೆಲಸ ಕೊಟ್ಟು ಸಣ್ಣ ಸಣ್ಣ ಊರಿನ ಅಂಚೆ ಕಚೇರಿಗಳ ಒಳಗೆ ದೊಡ್ಡ ಚಿತ್ರಗಳನ್ನು ಬರೆಸಿತು. ಆ ಊರಿನ ಬೆಳೆ, ದನ, ರೈಲು, ಟಪಾಲು ತರುವವನು, ಎಲ್ಲ ಆ ಚಿತ್ರಗಳಲ್ಲಿವೆಯಂತೆ. ಮ್ಯೂಸಿಯಂ ಮೆಟ್ಟಿಲು ಹತ್ತದ ರೈತ ಕೂಡ ಸ್ಟಾಂಪ್ ಕೊಳ್ಳಲು ಬಂದಾಗ ಒಂದು ಒಳ್ಳೇ ಚಿತ್ರದ ಕೆಳಗೆ ನಿಲ್ಲುತ್ತಿದ್ದ ಅನ್ನುವುದೇ ನನಗೆ ತುಂಬಾ ಹಿಡಿಸಿತು. ಎಸ್.ಎಂ. ಪಂಡಿತರ ಊರಿನವರು ನಾವು. ಅವರ ಚಿತ್ರ ಕ್ಯಾಲೆಂಡರ್ ಆಗಿ ಮನೆಮನೆಯ ಗೋಡೆಗೆ ಬಂದದ್ದನ್ನು ನೋಡಿ ಬೆಳೆದವಳಿಗೆ ಇಂಥದ್ದು ಬೇಗ ಮನಸ್ಸಿಗೆ ಹತ್ತುತ್ತದೆ.

ಕೇಳಬೇಕಿರುವುದು ಇಷ್ಟು. ಸುಮ್ನೆ ಚಿತ್ರ ನೋಡಲು ಅಂತ ಪೋಸ್ಟ್ ಆಫೀಸಿನ ಒಳಗೆ ಹೋಗಬಹುದಾ? ಫೋಟೊ ತೆಗೆಯಲು ಬಿಡುತ್ತಾರಾ? ಆಸ್ಟಿನ್ ಹತ್ತಿರ ಯಾವ ಊರುಗಳಿವೆ? ಅಳಿಯಂದಿರಿಗೆ ಶನಿವಾರ, ಭಾನುವಾರ ಮಾತ್ರ ಬಿಡುವು. ನನಗೆ ಮೊಣಕಾಲು ನೋವು ಬೇರೆ, ಜಾಸ್ತಿ ಸುತ್ತಾಡಲು ಆಗುವುದಿಲ್ಲ.

ಸೇಡಂ ಹುಡುಗ, ಆಸ್ಟಿನ್:

ಅಕ್ಕೋರೆ, ನಮಸ್ಕಾರ. ಧಾರಾಳವಾಗಿ ಬನ್ನಿ. ಟಿಕೆಟ್ ಇಲ್ಲ, ಮೊದಲೇ ಬರೆಸಿಕೊಳ್ಳುವುದೂ ಇಲ್ಲ. ಬಾಗಿಲು ತೆರೆದಿದ್ದರೆ ಸೀದಾ ಒಳಗೆ ಹೋಗಿ ನೋಡಬಹುದು.

ಆಸ್ಟಿನ್‌ನಿಂದ ಪೂರ್ವಕ್ಕೆ 290 ಹೈವೇ ಹಿಡಿದರೆ ಮೊದಲು ಎಲ್ಜಿನ್ ಸಿಗುತ್ತದೆ, ಅಂದಾಜು 40 ಕಿಲೋಮೀಟರ್. ಅಲ್ಲಿರುವುದು ಜೂಲಿಯಸ್ ವೋಲ್ಟ್ಸ್ ಬರೆದ ಹೊಲದ ಚಿತ್ರ. ಅದೇ ರಸ್ತೆಯಲ್ಲಿ ಮುಂದೆ ಗಿಡ್ಡಿಂಗ್ಸ್. ಅಲ್ಲಿ ಓಟಿಸ್ ಡೋಜಿಯರ್ ಬರೆದದ್ದಿದೆ, ಕೌಬಾಯ್‌ಗಳಿಗೆ ಟಪಾಲು ಬಂದಿರುವ ಚಿತ್ರ. ಅಲ್ಲಿಂದ ಕೆಳಕ್ಕೆ ಇಳಿದರೆ ಸ್ಮಿತ್‌ವಿಲ್. ಅಲ್ಲಿನದು ಟೆಕ್ಸಾಸ್ ರೇಂಜರ್‌ಗಳ ಚಿತ್ರ, ಬರೆದವರು ಮಿನೆಟ್ ಟೈಕ್‌ಮ್ಯುಲರ್ ಅನ್ನುವ ಹೆಣ್ಣುಮಗಳು. ಆಮೇಲೆ ಲಾಕ್‌ಹಾರ್ಟ್. ಅಲ್ಲಿ ಕುದುರೆ ಮೇಲೆ ಟಪಾಲು ಸಾಗಿಸುತ್ತಿದ್ದ ಕಾಲದ ಚಿತ್ರ ಇದೆ, ಜಾನ್ ಲಾ ವಾಕರ್ ಅವರದ್ದು. ನಾಲ್ಕನ್ನೂ ಸೇರಿಸಿ ಒಂದು ಸುತ್ತು ಹಾಕಿಕೊಂಡು ಮನೆಗೆ ವಾಪಸ್ ಬರಬಹುದು. ಆದರೆ ಮೊಣಕಾಲು ನೋವು ಅಂದಿರಿ, ಒಂದೇ ದಿನ ಎಲ್ಲವನ್ನೂ ಇಟ್ಟುಕೊಳ್ಳಬೇಡಿ. ಎಲ್ಜಿನ್, ಗಿಡ್ಡಿಂಗ್ಸ್ ಒಂದು ದಿನ, ಉಳಿದೆರಡು ಇನ್ನೊಂದು ದಿನ ಆದರೆ ಆರಾಮ.

ದಿನದ ಲೆಕ್ಕ ಮುಖ್ಯ. ಭಾನುವಾರ ಕೌಂಟರ್ ಮುಚ್ಚಿರುತ್ತದೆ. ಶನಿವಾರ ಸಣ್ಣ ಊರುಗಳಲ್ಲಿ ತೆರೆದರೂ ಸ್ವಲ್ಪ ಹೊತ್ತು ಮಾತ್ರ. ವಾರದ ದಿನಗಳಲ್ಲೂ ಕೆಲವು ಕಡೆ ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಾರೆ. ಪಿ.ಒ. ಬಾಕ್ಸ್ ಇರುವ ಹೊರಗಿನ ಹಾಲ್ ಕೌಂಟರ್ ಮುಚ್ಚಿದ ಮೇಲೂ ಎಷ್ಟೋ ಕಡೆ ತೆರೆದಿರುತ್ತದೆ, ಆದರೆ ಚಿತ್ರ ಆ ಹಾಲ್‌ನಲ್ಲೇ ಇರುತ್ತದೆ ಅಂತಿಲ್ಲ, ಕೌಂಟರ್ ಇರುವ ಕಡೆ ಇದ್ದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಹಾಗಾಗಿ ಮೊದಲು ಫೋನ್ ಮಾಡಿಸಿ. ವೇಳೆ ಕೇಳುವಾಗಲೇ ಚಿತ್ರ ಈಗಲೂ ಅಲ್ಲೇ ಇದೆಯಾ ಅಂತಲೂ ಕೇಳಿಸಿ. ಹಳೇ ಕಟ್ಟಡ ಮಾರಿ ಹೊಸದಕ್ಕೆ ಹೋದ ಊರುಗಳಿವೆ. ಅಂಥ ಕಡೆ ಚಿತ್ರ ಹೊಸ ಆಫೀಸಿಗೋ, ಲೈಬ್ರರಿಗೋ, ಮ್ಯೂಸಿಯಂಗೋ ಹೋಗಿರುತ್ತದೆ.

ಫೋಟೊ ಸ್ವಂತಕ್ಕಾದರೆ ತೆಗೆಯಬಹುದು, ಕೆಲಸಕ್ಕೆ ಅಡ್ಡಿ ಆಗಬಾರದು ಅಷ್ಟೆ. ಪೋಸ್ಟ್‌ಮಾಸ್ಟರ್ ಬೇಡ ಅಂದರೆ ಬೇಡ. ಕೌಂಟರ್ ಮುಂದೆ ನಿಂತವರ ಮುಖ, ಅವರ ಪಾರ್ಸೆಲ್ ಮೇಲಿನ ವಿಳಾಸ ಫೋಟೊದಲ್ಲಿ ಬೀಳದ ಹಾಗೆ ನೋಡಿಕೊಳ್ಳಿ. ಟ್ರೈಪಾಡ್ ಒಯ್ಯಬೇಡಿ. ನಾನಂತೂ ಮೊದಲು ಲೈನಿನಲ್ಲಿ ನಿಂತು ಸ್ಟಾಂಪ್ ತೆಗೆದುಕೊಂಡು, ಆಮೇಲೆ ಚಿತ್ರದ ಮಾತು ಎತ್ತುತ್ತೇನೆ. ಕೌಂಟರಿನಲ್ಲಿ ಕೂತವರಿಗೆ ತಮ್ಮ ಊರಿನ ಚಿತ್ರದ ಬಗ್ಗೆ ಯಾರಾದರೂ ಕೇಳಿದರೆ ನಿಜಕ್ಕೂ ಖುಷಿಯಾಗುತ್ತದೆ.

ಹಳೇ ಜೇವರ್ಗಿ ರೋಡ್:

ಒಂದು ವಿಷಯ ಸೇರಿಸುತ್ತೇನೆ, ಅಕ್ಕೋರು ಹೋಗುವ ಮುಂಚೆ ತಿಳಿದಿದ್ದರೆ ಒಳ್ಳೆಯದು. ಇವನ್ನೆಲ್ಲ ಜನ ಸಾಮಾನ್ಯವಾಗಿ ಡಬ್ಲ್ಯು.ಪಿ.ಎ. ಚಿತ್ರಗಳು ಅಂತ ಕರೆಯುತ್ತಾರೆ. ಅಂಚೆ ಕಚೇರಿಯ ಚಿತ್ರಗಳ ಮಟ್ಟಿಗೆ ಅದು ಸರಿಯಲ್ಲ. ಡಬ್ಲ್ಯು.ಪಿ.ಎ. ನಿರುದ್ಯೋಗಿಗಳಿಗೆ ಪರಿಹಾರದ ಕೆಲಸ ಕೊಡುತ್ತಿದ್ದ ಸಂಸ್ಥೆ. ಅಂಚೆ ಕಚೇರಿಯ ಚಿತ್ರಗಳನ್ನು ಬರೆಸಿದ್ದು ಖಜಾನೆ ಇಲಾಖೆ. 1934ರ ಅಕ್ಟೋಬರ್‌ನಲ್ಲಿ ಅದಕ್ಕಾಗಿಯೇ ಒಂದು ವಿಭಾಗ ಶುರುವಾಯಿತು, ನಡೆಸಿದವರು ಎಡ್ವರ್ಡ್ ಬ್ರೂಸ್. ಯುದ್ಧ ಬಂದು 1943ರಲ್ಲಿ ಅದು ಮುಚ್ಚಿತು. ಅಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಚಿತ್ರಗಳೋ ಶಿಲ್ಪಗಳೋ ಬಂದಿದ್ದವು.

ಅಂಚೆ ಕಚೇರಿಯೇ ಯಾಕೆ ಅಂದರೆ, ಆಗ ಸರ್ಕಾರಿ ಕಟ್ಟಡ ಕಟ್ಟಿಸುತ್ತಿದ್ದದ್ದು ಖಜಾನೆ ಇಲಾಖೆಯೇ. ಕಟ್ಟಡದ ಖರ್ಚಿನಲ್ಲಿ ಸುಮಾರು 1 ಪರ್ಸೆಂಟ್ ಕಲೆಗೆ ತೆಗೆದಿಡುತ್ತಿದ್ದರು. ಸ್ಪರ್ಧೆ ಕರೆಯುತ್ತಿದ್ದರು. ನಕ್ಷೆಯ ಮೇಲೆ ಹೆಸರು ಬರೆಯುವಂತಿಲ್ಲ. ಹೆಸರು ಬೇರೆ ಲಕೋಟೆಯಲ್ಲಿ, ಸೀಲ್ ಮಾಡಿ. ಗೆದ್ದವರಿಗೆ ಆ ಕೆಲಸ ಸಿಗುತ್ತಿತ್ತು. ಗೆಲ್ಲದಿದ್ದರೂ ಚೆನ್ನಾಗಿ ಬರೆದವರನ್ನು ಬಿಡುತ್ತಿರಲಿಲ್ಲ, ಬೇರೆ ಸಣ್ಣ ಊರಿನ ಅಂಚೆ ಕಚೇರಿ ಕೊಡುತ್ತಿದ್ದರು. ಕಷ್ಟಕಾಲದಲ್ಲಿ ಕೂಡ ದಾನದ ಲೆಕ್ಕದಲ್ಲಿ ಕೊಡದೆ, ಕೈಚಳಕ ನೋಡಿ, ಒಪ್ಪಂದ ಬರೆದು ಕೊಟ್ಟರಲ್ಲ, ಕಲಾವಿದನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಅಂತ ನನಗನ್ನಿಸುತ್ತದೆ.

ಕಟ್ಟಡದ ಮೂಲೆಗಲ್ಲನ್ನೂ ನೋಡಿ. ಮಾರ್ಗೆಂಥೋ, ಫಾರ್ಲಿ, ಲೂಯಿಸ್ ಸೈಮನ್ ಅನ್ನುವ ಹೆಸರುಗಳು, ಜೊತೆಗೆ ಇಸವಿ ಕೆತ್ತಿದ್ದರೆ ಅದು ಆ ಕಾಲದ್ದೇ. ಮೊದಲನೆಯವರು ಖಜಾನೆ ಮಂತ್ರಿ, ಎರಡನೆಯವರು ಪೋಸ್ಟ್‌ಮಾಸ್ಟರ್ ಜನರಲ್, ಮೂರನೆಯವರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿ. ಒಳಗೆ ಹೋದಾಗ ಪೋಸ್ಟ್‌ಮಾಸ್ಟರ್ ರೂಮಿನ ಬಾಗಿಲು ಹುಡುಕಿ. ಚಿತ್ರ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ.

ಸುರಪುರದ ಕುಂಚ:

ನಾನು ಗೋಡೆ ಬರಹ, ಗೋಡೆ ಚಿತ್ರ ಮಾಡಿ ಬದುಕುವವನು. ಅಕ್ಕೋರೆ, ಹತ್ತಿರ ಹೋದಾಗ ಚಿತ್ರದ ಅಂಚು ನೋಡಿ. ಇವುಗಳಲ್ಲಿ ಹೆಚ್ಚಿನವು ಗೋಡೆಯ ಮೇಲೆ ಬರೆದವಲ್ಲ. ಚಿತ್ರಕಾರ ತನ್ನ ಸ್ಟುಡಿಯೋದಲ್ಲಿ ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದಲ್ಲಿ ಮುಗಿಸಿ, ಸುರುಳಿ ಸುತ್ತಿ ತಂದು, ಸೀಸದ ಬಿಳಿಯನ್ನು ಅಂಟಿನ ಹಾಗೆ ಬಳಿದು ಗೋಡೆಗೆ ಕೂರಿಸುತ್ತಿದ್ದ. ಬಾಗಿಲ ಚೌಕಟ್ಟು ಮೇಲಕ್ಕೆ ಬಂದಿರುವ ಕಡೆ ಕ್ಯಾನ್ವಾಸನ್ನು ಅಷ್ಟೇ ಅಳತೆಗೆ ಕತ್ತರಿಸಿರುತ್ತಾರೆ. ಅಂದರೆ ಚಿತ್ರದ ನಡುವೆ ಕೆಳಗಡೆ ಒಂದು ಕಚ್ಚು. ಆ ಕಚ್ಚನ್ನು ಚಿತ್ರಕಾರ ಹೇಗೆ ನಿಭಾಯಿಸಿದ್ದಾನೆ ಅನ್ನುವುದು ನೋಡಲೇಬೇಕಾದದ್ದು. ಜನರನ್ನು ಎಡಕ್ಕೆ ಬಲಕ್ಕೆ ಸರಿಸಿ, ನಡುವೆ ಬೆಟ್ಟವನ್ನೋ ಆಕಾಶವನ್ನೋ ಇಟ್ಟಿರುತ್ತಾನಾ, ಅಥವಾ ಬಾಗಿಲ ತಲೆಯ ಮೇಲೆಯೇ ಯಾರನ್ನಾದರೂ ಕೂರಿಸಿರುತ್ತಾನಾ? ಪಕ್ಕದಿಂದ ಬೆಳಕು ಬೀಳುವ ಹೊತ್ತಾದರೆ ಬಟ್ಟೆಯ ನೇಯ್ಗೆ ಕೂಡ ಕಾಣಿಸುತ್ತದೆ.

ಗೋಡೆಯ ಹಸಿ ಗಾರೆಯ ಮೇಲೆ ಬರೆದದ್ದೂ ಕೆಲವು ಇವೆ. ಆದರೆ ಕ್ಯಾನ್ವಾಸ್ ಆದ್ದರಿಂದಲೇ ಎಷ್ಟೋ ಚಿತ್ರಗಳು ಕಟ್ಟಡ ಹೋದರೂ ಉಳಿದವು, ಬಿಚ್ಚಿ ಒಯ್ಯಬಹುದಲ್ಲ.

ಜೇವರ್ಗಿ ರೋಡಿನ ಅಣ್ಣ ಹೇಳಿದ 1 ಪರ್ಸೆಂಟ್ ಮಾತು ನನಗೆ ಬಹಳ ನಾಟಿತು. ನಮ್ಮ ಕಡೆ ಶಾಲೆ ಕಾಂಪೌಂಡ್‌ಗೆ, ಆಸ್ಪತ್ರೆ ಗೋಡೆಗೆ ಚಿತ್ರ ಬರೆಸುತ್ತಾರೆ. ಚದರ ಅಡಿಗೆ ಇಷ್ಟು ಅಂತ ರೇಟು. ಸ್ಕೆಚ್ ಕೇಳುವವರಿಲ್ಲ, ಊರಿನ ವಿಷಯ ಬೇಕು ಅನ್ನುವವರಿಲ್ಲ, ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಇದನ್ನೇ ಹೊಡೆಯಿರಿ ಅಂತಾರೆ. ಸುರಪುರದ ಚಿನ್ನದ ರೇಕಿನ ಚಿತ್ರಗಳು ದೊಡ್ಡ ಹೆಸರು ಮಾಡಿದವು. ಆ ಊರಿನ ಗೋಡೆಯ ಮೇಲೆ ಆ ಕೈಬರಹದ ಒಂದು ಗೆರೆಯಾದರೂ ಬೇಡವಾ? ತೊಗರಿ ರಾಶಿ ಮಾಡುವವರು, ಕೃಷ್ಣಾ ನದಿಯ ದಂಡೆ, ಟೇಲರ್ ಮಂಜಿಲ್, ಬರೆಯಲು ಏನು ಕಡಿಮೆ ಇದೆ?

ಬೀದರ್ ಓಲ್ಡ್ ಸಿಟಿ:

ಸುರಪುರದ ತಮ್ಮ, ನಿನ್ನ ಮಾತು ಒಪ್ಪಿದೆ. ಆದರೆ ದುಡ್ಡೊಂದೇ ಬಂದರೆ ಸಾಲದು. ನಮ್ಮಲ್ಲಿ ಗಾರೆ ಒಣಗುವ ಮುಂಚೆ ಬಣ್ಣ ಬಳಿಯುತ್ತಾರೆ. ಎರಡು ಮಳೆಗಾಲಕ್ಕೆ ಗೋಡೆ ಉಪ್ಪು ಬಿಟ್ಟು ಚಿತ್ರ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅವರಲ್ಲಿ ಚಿತ್ರಕಾರ ಮೊದಲು ನಕ್ಷೆ, ಆಮೇಲೆ ಬಣ್ಣದ ನಕ್ಷೆ, ಆಮೇಲೆ ಪೂರ್ತಿ ಅಳತೆಯ ರೇಖಾಚಿತ್ರ, ಹೀಗೆ ಒಂದೊಂದು ಹಂತಕ್ಕೂ ಒಪ್ಪಿಗೆ ಪಡೆಯಬೇಕಿತ್ತು, ಹಂತಕ್ಕೆ ತಕ್ಕ ಹಾಗೆ ದುಡ್ಡು ಬರುತ್ತಿತ್ತು. ಆ ಶಿಸ್ತು ಬೇಕು. ಅದಿಲ್ಲದೆ 1 ಪರ್ಸೆಂಟ್ ತೆಗೆದಿಟ್ಟರೆ ಕಂಟ್ರಾಕ್ಟರ್ ಕೈಗೇ ಹೋಗುತ್ತದೆ.

ಅಕ್ಕೋರೆ, ಅಲ್ಲಿಗೆ ಹೋಗುವ ಮುಂಚೆ ಒಮ್ಮೆ ಬೀದರಿಗೆ ಬಂದು ಅಷ್ಟೂರು ನೋಡಿಕೊಂಡು ಹೋಗಿ ಅಂತ ನನ್ನ ಆಸೆ. ಊರಿನಿಂದ ಪೂರ್ವಕ್ಕೆ ಸ್ವಲ್ಪವೇ ದೂರ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಂಬಜ್ ಒಳಗೆ ಗೋಡೆಯಿಂದ ಹಿಡಿದು ಗುಮ್ಮಟದ ನೆತ್ತಿಯವರೆಗೆ ಬಣ್ಣವೇ ಬಣ್ಣ. ಕೆಂಪು, ನೀಲಿ, ಚಿನ್ನದ ಬಣ್ಣ, ಬಳ್ಳಿ, ಅಕ್ಷರಗಳ ಸಾಲು. ಒಳಗೆ ಕತ್ತಲೆ. ಅಲ್ಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ತಿರುಗಿಸಿ ತೋರಿಸುತ್ತಾರೆ. ಕನ್ನಡಿ ಸ್ವಲ್ಪ ಅಲುಗಿದರೂ ಬೆಳಕು ಗುಮ್ಮಟದ ತುಂಬ ಓಡಾಡುತ್ತದೆ, ಒಂದು ತುಂಡು ಕಂಡು ಇನ್ನೊಂದು ಮರೆಯಾಗುತ್ತದೆ. ಹಿಂದೂಗಳು ಅವರನ್ನು ಅಲ್ಲಮಪ್ರಭು ಅಂತ ನಂಬಿ ನಡೆದುಕೊಳ್ಳುತ್ತಾರೆ, ಜಾತ್ರೆಗೆ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ರಾಜನ ಗೋರಿಯ ಒಳಗಿನ ಚಿತ್ರಕ್ಕೂ ಅಂಚೆ ಕಚೇರಿಯ ಚಿತ್ರಕ್ಕೂ ಹೋಲಿಕೆ ಇಲ್ಲ ಅನ್ನಬಹುದು. ಆದರೆ ಎರಡನ್ನೂ ಈಗ ನೋಡಲು ಬರುವವರು ಯಾರು ಅಂದರೆ, ಬೇರೆ ಕೆಲಸಕ್ಕೆ, ಹರಕೆಗೋ ಪಾರ್ಸೆಲ್‌ಗೋ ಬಂದ ಸಾಮಾನ್ಯ ಜನ. ಅದೇ ನನಗೆ ಮುಖ್ಯ.

ಸೇಡಂ ಹುಡುಗ, ಆಸ್ಟಿನ್:

ಇನ್ನೊಂದು ಮಾತು. ಈ ಚಿತ್ರಗಳಲ್ಲಿ ಎಲ್ಲವೂ ಕಣ್ಣಿಗೆ ತಂಪಾಗಿರುತ್ತದೆ ಅಂದುಕೊಳ್ಳಬೇಡಿ. ಆದಿವಾಸಿಗಳನ್ನು, ಕಪ್ಪು ಜನರನ್ನು ಆ ಕಾಲದ ಬಿಳಿಯರ ಕಣ್ಣಿನಿಂದಲೇ ಬರೆದವು ಎಷ್ಟೋ ಇವೆ. ಕೆಲವನ್ನು 2020ರಲ್ಲಿ ಅಂಚೆ ಇಲಾಖೆ ಮುಚ್ಚಿಸಿತು. ಮುಚ್ಚಬೇಕೋ, ಪಕ್ಕದಲ್ಲಿ ವಿವರಣೆ ಬರೆದು ತೋರಿಸಬೇಕೋ ಅಂತ ಇಲ್ಲಿ ಚರ್ಚೆ ನಡೆದೇ ಇದೆ. ನನ್ನ ಮಾತು ಕೇಳಿದರೆ ತೋರಿಸಬೇಕು, ಜೊತೆಗೆ ಯಾರ ಬದುಕನ್ನು ಬರೆದಿದ್ದಾರೋ ಅವರ ಮಾತೂ ಗೋಡೆಯ ಮೇಲೆ ಇರಬೇಕು.

ಇದಕ್ಕೆ ಎದುರಾಗಿ ಒಕ್ಲಹೋಮಾದ ಅನಡಾರ್ಕೋ ಅಂಚೆ ಕಚೇರಿ ಇದೆ. ಅಲ್ಲಿ ಕಯೋವಾ ಬುಡಕಟ್ಟಿನ ಸ್ಟೀಫನ್ ಮೋಪೋಪ್ ತಮ್ಮ ಜನರನ್ನು ತಾವೇ ಬರೆದರು. ಅದರಲ್ಲಿ ಒಂದು ಚಿತ್ರ 2019ರಲ್ಲಿ ಸ್ಟಾಂಪ್ ಆಗಿಯೂ ಬಂತು. ಆ ಸಲ ಬಂದದ್ದು ಐದು ಅಂಚೆ ಕಚೇರಿ ಚಿತ್ರಗಳ ಸ್ಟಾಂಪ್, ಬಿಡುಗಡೆ ಆದದ್ದು ಅರ್ಕಾನ್ಸಾದ ಪಿಗಟ್ ಅನ್ನುವ ಸಣ್ಣ ಊರಿನಲ್ಲಿ. ಅನಡಾರ್ಕೋ ಆಸ್ಟಿನ್‌ಗೆ ದೂರ, ಒಂದು ರಾತ್ರಿ ಉಳಿಯಬೇಕಾಗುತ್ತದೆ. ಅಳಿಯಂದಿರಿಗೆ ರಜೆ ಸಿಕ್ಕರೆ ಬಿಡಬೇಡಿ.

ಕಲಬುರಗಿ ಡ್ರಾಯಿಂಗ್ ಟೀಚರ್:

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಅಷ್ಟೂರಿಗೆ ಹೊರಡುವ ಮುಂಚೆಯೇ ಹೋಗುತ್ತೇನೆ, ಬೀದರ್ ನಮಗೇನು ದೂರ. ಸುರಪುರದ ತಮ್ಮಾ, ನೀನು ಹೇಳಿದ ಬಾಗಿಲ ಕಚ್ಚನ್ನು ನಾಲ್ಕೂ ಊರಿನಲ್ಲಿ ಬರೆದುಕೊಂಡು ಬಂದು ಇಲ್ಲೇ ಹಾಕುತ್ತೇನೆ.

ಕೊನೆಯದಾಗಿ ಒಂದು. ಫೋಟೊಗಿಂತ ನನಗೆ ಪೆನ್ಸಿಲ್‌ನಲ್ಲಿ ಸ್ಕೆಚ್ ಮಾಡಿಕೊಳ್ಳುವುದೇ ಅಭ್ಯಾಸ. ಅಲ್ಲಿ ಕೂತು ಬರೆಯಬಹುದಾ? ಮಗಳು ಬೇಡ, ಯಾರಾದರೂ ಏನಾದರೂ ಅಂದಾರು ಅಂತಾಳೆ.

ಸೇಡಂ ಹುಡುಗ, ಆಸ್ಟಿನ್:

ಕೂರಲು ಬೆಂಚು ಇರುವುದು ಕಡಿಮೆ ಅಕ್ಕೋರೆ. ಮಡಚುವ ಸ್ಟೂಲ್ ಒಯ್ದರೆ ಓಡಾಡುವವರಿಗೆ ಅಡ್ಡ ಆಗಬಹುದು, ಅದಕ್ಕೆ ಮೊದಲು ಕೌಂಟರಿನಲ್ಲಿ ಒಂದು ಮಾತು ಕೇಳಿ. ನಾನು ಡ್ರಾಯಿಂಗ್ ಟೀಚರ್, ಇಂಡಿಯಾದಿಂದ ಈ ಚಿತ್ರ ನೋಡಲು ಬಂದಿದ್ದೇನೆ ಅಂತಲೇ ಹೇಳಿ. ಸೋಮವಾರ ಬೆಳಿಗ್ಗೆ ರಶ್ ಇರುತ್ತದೆ, ಅದೊಂದು ಬಿಡಿ. ವಾರದ ನಡುವೆ ಅಳಿಯಂದಿರಿಗೆ ಆಗದಿದ್ದರೆ ಎಲ್ಜಿನ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಬಂದ ಮೇಲೆ ಇಲ್ಲೇ ಒಂದು ಮೆಸೇಜ್ ಹಾಕಿ.